ಕುಸುಬಲಕ್ಕಿ, ಜೊಲೊಫ್ ಮತ್ತು ನೈಜೀರಿಯಾದ ರಾಜಕೀಯ

ಜೊಲೊಫ್ ಮಾಡಲು ಹೊರಟವರು ಮೊದಲು ದೂರ ಇಡಬೇಕಾದದ್ದು ಸೋನಾ ಮಸೂರಿಯನ್ನು. ಜೊಲೊಫ್ ಎಂದರೆ ಟೊಮೆಟೊ ರಸದಲ್ಲಿ ಸಣ್ಣ ಉರಿಯ ಮೇಲೆ ಅರ್ಧ ಗಂಟೆ ಕೂರುವ ಪಶ್ಚಿಮ ಆಫ್ರಿಕಾದ ಅನ್ನ. ಬೆಳ್ತಿಗೆ ಅಕ್ಕಿ ಅಷ್ಟು ಹೊತ್ತಿಗೆ ಮುದ್ದೆಯಾಗಿರುತ್ತದೆ. ನೈಜೀರಿಯಾದ ಹೆಚ್ಚಿನ ಮನೆಗಳಲ್ಲಿ ಅಕ್ಕಿ ಎಂದರೆ ಕುಸುಬಲಕ್ಕಿಯೇ. ಆ ದೇಶದ ಜನ ಸರ್ಕಾರವನ್ನು ಹೊಗಳುವುದು, ಬೈಯುವುದು, ಓಟು ಹಾಕುವುದು ಎಲ್ಲದರಲ್ಲೂ ಈ ಅಕ್ಕಿಯ 50 ಕೆಜಿ ಮೂಟೆಯ ಬೆಲೆ ಬಂದೇ ಬರುತ್ತದೆ. ಆದ್ದರಿಂದ ಅಡುಗೆಯಿಂದಲೇ ಶುರುಮಾಡುವುದು ಸರಿ.

ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೆಯ ಮನೆಗಳವರಿಗೆ ಕುಸುಬಲಕ್ಕಿ ಹೊಸದಲ್ಲ. ಭತ್ತವನ್ನು ನೆನೆಸಿ, ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕಿದರೆ ಕಾಳಿನೊಳಗಿನ ಪಿಷ್ಟ ಒಮ್ಮೆ ಬೆಂದು ಗಟ್ಟಿಯಾಗಿರುತ್ತದೆ. ತೌಡಿನಲ್ಲಿದ್ದ ಬಿ1 ಜೀವಸತ್ವದ ಒಂದು ಪಾಲೂ ಒಳಕ್ಕೆ ಇಳಿದಿರುತ್ತದೆ. ಪಿಷ್ಟ ಗಟ್ಟಿಯಾಗಿರುವುದರಿಂದಲೇ ಎರಡನೇ ಸಲ ಬೇಯುವಾಗ ಕಾಳು ಕಾಳಿಗೆ ಅಂಟುವುದಿಲ್ಲ. ಆದರೆ ನಮ್ಮ ದಪ್ಪ ಕೆಂಪು ಕುಸುಬಲಕ್ಕಿ ಜೊಲೊಫ್‌ಗೆ ಒಗ್ಗುವುದಿಲ್ಲ. ಅದಕ್ಕೆ ಮುಕ್ಕಾಲು ಗಂಟೆಯ ಕುದಿ ಬೇಕು, ಗಂಜಿ ಬಸಿಯುವಷ್ಟು ನೀರು ಬೇಕು. ಜೊಲೊಫ್‌ನಲ್ಲಿ ನೀರು ಅಳೆದು ಹಾಕುವುದು, ಬಸಿಯುವುದಿಲ್ಲ. ಅಕ್ಕಿ ಬೇಯುವ ಮೊದಲೇ ತಳದ ಟೊಮೆಟೊ ಸೀದುಹೋಗುತ್ತದೆ. ಇಡ್ಲಿ ಅಕ್ಕಿಯೂ ಬೇಡ, ಅದರ ಕಾಳು ಗಿಡ್ಡ. ಅಂಗಡಿಯಲ್ಲಿ ಉದ್ದ ಕಾಳಿನ ಬಾಯ್ಲ್ಡ್ ರೈಸ್ ಕೇಳಿ, ಐಆರ್ 64 ತಳಿ ಸಿಕ್ಕರೆ ಅದೇ ಸರಿ. ಭಾರತದಿಂದ ಪಶ್ಚಿಮ ಆಫ್ರಿಕಾದ ಬಂದರುಗಳಿಗೆ ಹಡಗು ಹತ್ತುವುದೂ ಹೆಚ್ಚಾಗಿ ಅದೇ ಅಕ್ಕಿ, 5 ಪರ್ಸೆಂಟ್ ನುಚ್ಚಿನ ದರ್ಜೆಯದು.

ಕೆಂಪು ಕುಸುಬಲಕ್ಕಿಯಿಂದಲೇ ನೈಜೀರಿಯಾದ ಊಟ ಮಾಡಬೇಕೆನ್ನುವವರಿಗೆ ಬೇರೆ ದಾರಿಯಿದೆ. ಓಗುನ್ ರಾಜ್ಯದ ಒಫಾಡಾ ಎಂಬ ಊರಿನ ಹೆಸರಿನ ಅಕ್ಕಿ ಅಲ್ಲಿದೆ: ಗಿಡ್ಡ ಕಾಳು, ಪೂರ್ತಿ ಪಾಲಿಶ್ ಆಗದ ಮೈ, ತನ್ನದೇ ವಾಸನೆ. ಅದನ್ನು ಬರೀ ಅನ್ನ ಮಾಡಿ, ಹಸಿರು ಮೆಣಸಿನ ಖಾರದ ಗೊಜ್ಜಿನ ಜೊತೆ ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ನಮ್ಮ ಕೆಂಪಕ್ಕಿಗೆ ಆ ಊಟ ಚೆನ್ನಾಗಿ ಹೊಂದುತ್ತದೆ.

ನಾಲ್ಕು ಜನಕ್ಕೆ ಜೊಲೊಫ್ ಎಂದರೆ 400 ಗ್ರಾಂ ಅಕ್ಕಿ, 400 ಗ್ರಾಂ ಹಣ್ಣಾದ ಟೊಮೆಟೊ, ಎರಡು ಕೆಂಪು ದೊಣ್ಣೆಮೆಣಸು, ಎರಡು ದೊಡ್ಡ ಈರುಳ್ಳಿ, 70 ಗ್ರಾಂ ಟೊಮೆಟೊ ಪೇಸ್ಟ್, 100 ಎಂಎಲ್ ಎಣ್ಣೆ, ಅರ್ಧ ಲೀಟರ್ ಕೋಳಿ ಬೇಯಿಸಿದ ನೀರು ಅಥವಾ ತರಕಾರಿ ಬೇಯಿಸಿದ ನೀರು. ಅಲ್ಲಿ ಬಣ್ಣಕ್ಕೆ ತಟಾಶೆ, ಖಾರಕ್ಕೆ ರೋಡೊ ಎಂಬ ಗುಂಡು ಮೆಣಸಿನಕಾಯಿ ಹಾಕುತ್ತಾರೆ. ಇಲ್ಲಿ ದೊಣ್ಣೆಮೆಣಸಿನ ಜೊತೆ ನೆನೆಸಿದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಬಣ್ಣ ಪೂರ್ತಿ ಬರುತ್ತದೆ. ಖಾರಕ್ಕೆ ಸೂಜಿಮೆಣಸು ಎರಡು ಸಾಕು. ರೋಡೊದ ಹಣ್ಣಿನಂಥ ಪರಿಮಳ ಮಾತ್ರ ಅದರಿಂದ ಬರುವುದಿಲ್ಲ. ಥೈಮ್ ಪುಡಿ ಒಂದು ಚಮಚ. ಸಿಗದಿದ್ದರೆ ದೊಡ್ಡಪತ್ರೆಯ ಎರಡು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಎರಡರ ವಾಸನೆಗೂ ಕಾರಣವಾದ ಎಣ್ಣೆಯ ಅಂಶಗಳು ಹೆಚ್ಚು ಕಡಿಮೆ ಒಂದೇ. ಒಂದು ಚಮಚ ಖಾರ ಕಡಿಮೆಯ ಕರಿ ಪೌಡರ್, ಎರಡು ಪಲಾವ್ ಎಲೆ. ನಮ್ಮ ಗರಂ ಮಸಾಲೆ ಬೇಡವೇ ಬೇಡ. ಚಕ್ಕೆ ಲವಂಗ ಬಿದ್ದ ಕೂಡಲೇ ಅದು ಟೊಮೆಟೊ ಪಲಾವ್ ಆಗುತ್ತದೆ.

ಟೊಮೆಟೊ, ದೊಣ್ಣೆಮೆಣಸು, ಮೆಣಸಿನಕಾಯಿ, ಒಂದು ಈರುಳ್ಳಿಯನ್ನು ನೀರು ಹಾಕದೆ ರುಬ್ಬಿ, ಬೇರೆ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಮಲೆನಾಡಿನ ಮಳೆಗಾಲದಲ್ಲಿ ಮಾರುಕಟ್ಟೆಗೆ ಬರುವ ಟೊಮೆಟೊದಲ್ಲಿ ನೀರು ಜಾಸ್ತಿ, 25 ನಿಮಿಷವೂ ಹಿಡಿಯಬಹುದು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ಇನ್ನೊಂದು ಈರುಳ್ಳಿ ಬಾಡಿಸಿ, ಪೇಸ್ಟನ್ನು ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಐದು ನಿಮಿಷ ಹುರಿಯಿರಿ. ಈಗ ಕುದಿಸಿದ ರಸ ಹಾಕಿ, ಎಣ್ಣೆ ಮೇಲೆ ತೇಲುವವರೆಗೆ ಕಾಲು ಗಂಟೆ ಬಾಡಿಸಬೇಕು. ಜೊಲೊಫ್ ಹುಳಿ ಹೊಡೆಯುತ್ತದೆ ಎಂಬ ದೂರಿನ ಮೂಲ ಈ ಕಾಲು ಗಂಟೆಯನ್ನು ಉಳಿಸಲು ಹೋಗುವುದರಲ್ಲಿದೆ. ಆಮೇಲೆ ಸಾರಿನ ನೀರು, ಉಪ್ಪು, ಥೈಮ್, ಕರಿ ಪೌಡರ್, ಪಲಾವ್ ಎಲೆ. ಅಕ್ಕಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಕುದಿಸಿ, ಬಸಿದು, ತಣ್ಣೀರಿನಲ್ಲಿ ತೊಳೆದು ಹಾಕಿ. ರಸ ಅಕ್ಕಿಯ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು, ಮೇಲೆ ಬರಬಾರದು. ಅಲ್ಲಿ ಫಾಯಿಲ್ ಮುಚ್ಚಿ ಮೇಲೆ ತಟ್ಟೆ ಇಡುತ್ತಾರೆ. ಬಾಡಿಸಿದ ಬಾಳೆಲೆ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅತಿ ಸಣ್ಣ ಉರಿ, 30 ನಿಮಿಷ, ನಡುವೆ ಒಂದೇ ಸಲ ಅಡಿಮೇಲು ಮಾಡುವುದು. ಪದೇ ಪದೇ ಕೈಯಾಡಿಸಿದರೆ ಕಾಳು ಒಡೆದು ಗಂಜಿ ಬಿಡುತ್ತದೆ. ಕುಕ್ಕರಿನಲ್ಲಿ ಇದು ಆಗುವುದಿಲ್ಲ: ನೀರು ಆವಿಯಾಗಿ ಹೊರಹೋಗಲು ದಾರಿಯಿಲ್ಲ, ದಪ್ಪ ರಸ ತಳ ಹಿಡಿಯುತ್ತದೆ, ಮೇಲಿನ ಅಕ್ಕಿ ಬಿರಿಯುತ್ತದೆ. ಕೊನೆಗೆ ಮೂರು ನಿಮಿಷ ಉರಿ ಏರಿಸಿ ತಳ ಸ್ವಲ್ಪ ಕಂದಿಸುವುದು ಲೆಕ್ಕದಲ್ಲೇ ಇದೆ. ಮದುವೆ ಮನೆಗಳ ದೊಡ್ಡ ಪಾತ್ರೆಗಳಲ್ಲಿ ಸೌದೆ ಉರಿಯಿಂದ ಬರುವ ಹೊಗೆ ವಾಸನೆಗೆ ಅಲ್ಲಿ ಬಹಳ ಬೆಲೆ. ಕಟ್ಟಿಗೆ ಒಲೆ ಇನ್ನೂ ಇರುವ ಮನೆಯವರು ಅದನ್ನೇ ಹೊತ್ತಿಸಿ.

ಈ ಪಾತ್ರೆಯ ಖರ್ಚನ್ನೇ ಹಣದುಬ್ಬರದ ಅಳತೆಗೋಲು ಮಾಡಿಕೊಂಡ ಸಂಸ್ಥೆಯೂ ಅಲ್ಲಿದೆ. ಲಾಗೋಸ್‌ನ ಎಸ್‌ಬಿಎಂ ಇಂಟೆಲಿಜೆನ್ಸ್ ಐದು ಜನರ ಕುಟುಂಬದ ಒಂದು ಪಾತ್ರೆ ಜೊಲೊಫ್‌ಗೆ ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ಜೊಲೊಫ್ ಸೂಚ್ಯಂಕ ಪ್ರಕಟಿಸುತ್ತದೆ. ಸರ್ಕಾರಿ ಅಂಕಿಗಿಂತ ಇದು ಜನರಿಗೆ ಬೇಗ ಅರ್ಥವಾಗುತ್ತದೆ. ಅಕ್ಕಿಯಷ್ಟೇ ಟೊಮೆಟೊ ಕೂಡ ಅಲ್ಲಿ ಕಾಡುತ್ತದೆ. 2016ರಲ್ಲಿ ಟೂಟಾ ಅಬ್ಸೊಲ್ಯೂಟಾ ಎಂಬ ಹುಳು ಕಡುನಾ ರಾಜ್ಯದ ತೋಟಗಳನ್ನು ತಿಂದು ಹಾಕಿದಾಗ ಜನ ಅದಕ್ಕೆ ಟೊಮೆಟೊ ಎಬೋಲಾ ಎಂದೇ ಹೆಸರಿಟ್ಟರು.

ಅಕ್ಕಿ ಅಲ್ಲಿ ದಿನದ ಊಟವಾಗಿ ಹರಡಿದ್ದು 1970ರ ದಶಕದ ತೈಲದ ಹಣದೊಂದಿಗೆ. ಡಾಲರ್ ಧಾರಾಳವಾಗಿತ್ತು, ಹಡಗಿನಲ್ಲಿ ಬಂದ ಅಕ್ಕಿ ಅಗ್ಗವಾಗಿತ್ತು, ಬೇಗ ಬೇಯುತ್ತಿತ್ತು. ಷೇಹು ಷಗಾರಿ ಅವರ ಸರ್ಕಾರದಲ್ಲಿ ಅಕ್ಕಿ ಆಮದಿನ ಕಾರ್ಯಪಡೆಯ ಮುಖ್ಯಸ್ಥರಾಗಿದ್ದವರು ಉಮಾರು ಡಿಕ್ಕೊ. 1983ರ ಕೊನೆಯ ದಿನ ಸೇನೆ ಅಧಿಕಾರ ಹಿಡಿದ ಮೇಲೆ ಅವರು ಲಂಡನ್ನಿಗೆ ಓಡಿದರು. 1984ರ ಜುಲೈನಲ್ಲಿ ಅವರನ್ನು ಅಲ್ಲಿಂದ ಅಪಹರಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಸಾಗಿಸುವ ಪ್ರಯತ್ನ ಸ್ಟಾನ್‌ಸ್ಟೆಡ್ ನಿಲ್ದಾಣದಲ್ಲಿ ಸಿಕ್ಕಿಬಿತ್ತು. ಆಗ ಸೇನಾ ಸರ್ಕಾರದ ಮುಖ್ಯಸ್ಥರಾಗಿದ್ದವರು ಮುಹಮ್ಮದು ಬುಹಾರಿ. 2015ರಲ್ಲಿ ಅವರೇ ಚುನಾವಣೆ ಗೆದ್ದು ಅಧ್ಯಕ್ಷರಾಗಿ ಬಂದರು, ಮತ್ತೆ ಅಕ್ಕಿಯ ಬೆನ್ನು ಹತ್ತಿದರು.

2015ರ ಜೂನ್‌ನಲ್ಲಿ ಕೇಂದ್ರ ಬ್ಯಾಂಕ್ 41 ಸರಕುಗಳ ಆಮದಿಗೆ ಡಾಲರ್ ಕೊಡುವುದನ್ನು ನಿಲ್ಲಿಸಿತು, ಅದರಲ್ಲಿ ಅಕ್ಕಿಯೂ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ಭತ್ತದ ರೈತರಿಗೆ ಸಾಲ ಕೊಡುವ ಯೋಜನೆ ಕೆಬ್ಬಿ ರಾಜ್ಯದಲ್ಲಿ ಶುರುವಾಯಿತು. 2016ರಲ್ಲಿ ಭೂಗಡಿಗಳ ಮೂಲಕ ಅಕ್ಕಿ ತರುವುದಕ್ಕೆ ನಿಷೇಧ ಬಿತ್ತು. 2019ರ ಆಗಸ್ಟ್‌ನಲ್ಲಿ ಗಡಿಯನ್ನೇ ಮುಚ್ಚಿದರು. ತೆರೆದದ್ದು 2020ರ ಡಿಸೆಂಬರ್‌ನಲ್ಲಿ.

ಗಡಿಯ ಆಚೆ ಇರುವುದು ಬೆನಿನ್, ಸುಮಾರು 1.4 ಕೋಟಿ ಜನರ ಪುಟ್ಟ ದೇಶ. ಭಾರತದ ಬಾಸ್ಮತಿಯಲ್ಲದ ಅಕ್ಕಿ ಕೊಳ್ಳುವ ದೇಶಗಳ ಪಟ್ಟಿಯಲ್ಲಿ ಅದು ವರ್ಷ ವರ್ಷವೂ ಮೇಲಿನ ಸಾಲಿನಲ್ಲಿರುತ್ತದೆ. ಅಷ್ಟು ಅಕ್ಕಿಯನ್ನು ಅಲ್ಲಿಯವರೇ ಉಣ್ಣುವುದಿಲ್ಲ. ಕೊಟೊನೂ ಬಂದರಿನಲ್ಲಿ ಇಳಿದ ಕುಸುಬಲಕ್ಕಿ ಲಾರಿ, ಬೈಕು, ಸೀಟು ಕಿತ್ತ ಹಳೆಯ ಕಾರುಗಳಲ್ಲಿ ನೈಜೀರಿಯಾಕ್ಕೆ ನುಸುಳುತ್ತದೆ. 20 ಕೋಟಿಗೂ ಮಿಕ್ಕ ಜನರಿರುವ ಮಾರುಕಟ್ಟೆ ಪಕ್ಕದಲ್ಲೇ ಇರುವಾಗ ಕಾಗದದ ನಿಷೇಧ ಅದನ್ನು ತಡೆಯಲಾರದು. ಹೀಗಾಗಿ ದೆಹಲಿಯ ಆದೇಶವೊಂದು ಲಾಗೋಸ್‌ನ ಅಡುಗೆಮನೆ ಮುಟ್ಟುತ್ತದೆ. 2023ರ ಜುಲೈನಲ್ಲಿ ಭಾರತ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟ್‌ನಲ್ಲಿ ಕುಸುಬಲಕ್ಕಿಗೆ 20 ಪರ್ಸೆಂಟ್ ರಫ್ತು ಸುಂಕ ಹಾಕಿತು. ಆ ಸುಂಕ ಪೂರ್ತಿ ಹೋದದ್ದು 2024ರ ಅಕ್ಟೋಬರ್‌ನಲ್ಲಿ. ಭದ್ರಾ ಅಚ್ಚುಕಟ್ಟಿನ ಭತ್ತದ ದರ ನೋಡುವವರಿಗೆ ಈ ತಾರೀಖುಗಳು ನೆನಪಿರುತ್ತವೆ. ಇದರ ಇನ್ನೊಂದು ತುದಿ ನೈಜೀರಿಯಾದಲ್ಲಿದೆ ಎಂಬುದು ಇಲ್ಲಿ ಹೆಚ್ಚು ಚರ್ಚೆಗೆ ಬರಲಿಲ್ಲ.

ದೇಶದ ಅಕ್ಕಿಯನ್ನೇ ಉಣ್ಣಿರಿ ಎಂಬ ಮಾತಿಗೆ ನೈಜೀರಿಯಾದ ಗೃಹಿಣಿಯರ ಮೊದಲ ಉತ್ತರ ಕಲ್ಲು. ಹಳೆಯ ಮಿಲ್ಲುಗಳ ಅಕ್ಕಿಯಲ್ಲಿ ಕಲ್ಲು ಜಾಸ್ತಿ, ಭತ್ತವನ್ನು ನೆಲದ ಮೇಲೆ, ರಸ್ತೆ ಬದಿಯಲ್ಲಿ ಒಣಗಿಸಿದ್ದರ ಫಲ. ಕಲ್ಲು ತೆಗೆಯುವ ಯಂತ್ರವಿರುವ ಹೊಸ ಮಿಲ್ಲುಗಳು ಬಂದಿವೆ. 2023ರ ಜನವರಿಯಲ್ಲಿ ಲಾಗೋಸ್ ರಾಜ್ಯದ ಇಮೋಟಾದಲ್ಲಿ ಗಂಟೆಗೆ 32 ಟನ್ ಸಾಮರ್ಥ್ಯದ ಮಿಲ್ ಉದ್ಘಾಟನೆಯಾಯಿತು. ಆದರೆ ಮಿಲ್ಲಿಗೆ ಭತ್ತ ಬೇಕು, ಕರೆಂಟು ಬೇಕು. ಕರೆಂಟು ನಂಬುವಂತಿಲ್ಲ, ಡೀಸೆಲ್ ಜನರೇಟರ್ ಓಡಿಸಬೇಕು. ಭತ್ತ ಬೆಳೆಯುವ ಉತ್ತರದಿಂದ ಲಾಗೋಸ್‌ಗೆ ಸಾವಿರ ಕಿಲೋಮೀಟರಿನ ಆಸುಪಾಸು ಲಾರಿ ದಾರಿ. ಮೇಲೆ ಜೀವಭಯ: 2020ರ ನವೆಂಬರ್‌ನಲ್ಲಿ ಬೊರ್ನೊ ರಾಜ್ಯದ ಜಬರ್ಮಾರಿ ಬಳಿ ಗದ್ದೆಯಲ್ಲಿದ್ದ ಕನಿಷ್ಠ 43 ಭತ್ತದ ರೈತರನ್ನು ಉಗ್ರರು ಕೊಂದರು. 2022ರ ಪ್ರವಾಹದಲ್ಲಿ 600ಕ್ಕೂ ಹೆಚ್ಚು ಜನ ಸತ್ತರು, ಗದ್ದೆಗಳು ಮುಳುಗಿದವು. ಇದನ್ನೆಲ್ಲ ಸರಿಮಾಡದೆ ಗಡಿ ಮುಚ್ಚಿದ್ದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಟೆಯ ಬೆಲೆ ಏರಿತು, ಆ ಹೊರೆ ಬಿದ್ದದ್ದು ಬಡವರ ಮೇಲೆ.

2023ರ ಮೇ 29ರಂದು ಬೋಲಾ ಟಿನುಬು ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ಮುಗಿಯಿತು ಎಂದರು. ಲೀಟರಿಗೆ 200 ನೈರಾದ (ನೈರಾ ಅಲ್ಲಿನ ಹಣ) ಒಳಗಿದ್ದ ಬೆಲೆ ಕೆಲವೇ ದಿನಗಳಲ್ಲಿ 500ರ ಆಸುಪಾಸಿಗೆ ಹಾರಿತು, 2024ರ ಅಕ್ಟೋಬರ್ ಹೊತ್ತಿಗೆ 1000 ದಾಟಿತು. ಎರಡೇ ವಾರದಲ್ಲಿ, ಜೂನ್ 14ರಂದು, ನೈರಾವನ್ನೂ ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 470ರಷ್ಟಿದ್ದದ್ದು 2024ರ ಫೆಬ್ರವರಿಯಲ್ಲಿ 1500ರ ಮೇಲೆ ಹೋಯಿತು. ಸಬ್ಸಿಡಿ ಉಳಿಯುವಂತಿರಲಿಲ್ಲ, ನಿಜ. ಕಚ್ಚಾ ತೈಲ ಮಾರುವ ದೇಶ ತನ್ನ ಸರ್ಕಾರಿ ಶುದ್ಧೀಕರಣ ಘಟಕಗಳು ನಿಂತುಹೋಗಿದ್ದರಿಂದ ಪೆಟ್ರೋಲನ್ನು ಹೊರಗಿನಿಂದ ಕೊಳ್ಳುತ್ತಿತ್ತು. ಆದರೆ ಎರಡು ಪೆಟ್ಟನ್ನೂ ಒಟ್ಟಿಗೆ ಕೊಟ್ಟು, ಕನಿಷ್ಠ ಸಂಬಳವನ್ನು ಒಂದು ವರ್ಷ ಹಾಗೇ ಬಿಟ್ಟದ್ದನ್ನು ಒಪ್ಪಲಾಗದು. 2024ರ ಜುಲೈನಲ್ಲಿ ತಿಂಗಳ ಕನಿಷ್ಠ ಸಂಬಳ 30,000 ನೈರಾದಿಂದ 70,000ಕ್ಕೆ ಏರಿತು. ಆ ಹೊತ್ತಿಗೆ 50 ಕೆಜಿ ಅಕ್ಕಿ ಮೂಟೆಯ ಬೆಲೆ ಅದನ್ನೂ ಮೀರಿತ್ತು. ಆ ವರ್ಷದ ಜೂನ್‌ನಲ್ಲಿ ಆಹಾರದ ಹಣದುಬ್ಬರ 40.87 ಪರ್ಸೆಂಟ್. ಆಗಸ್ಟ್ ಮೊದಲ ವಾರ ಜನ ಬೀದಿಗಿಳಿದರು.

ನೈಜೀರಿಯಾದ ಸಾಮಾನ್ಯ ಪ್ರಜೆಯ ವಾದ ಸರಳವಾಗಿದೆ: ತೈಲ ನಮ್ಮ ನೆಲದ್ದು, ಅದರಿಂದ ನಮಗೆ ಸಿಕ್ಕಿದ್ದು ಅಗ್ಗದ ಪೆಟ್ರೋಲ್ ಒಂದೇ, ಅದನ್ನೂ ಕಿತ್ತುಕೊಂಡರೆ ಈ ಸರ್ಕಾರ ನಮಗೆ ಏನು? 2012ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಸಬ್ಸಿಡಿ ತೆಗೆದು ಬೆಲೆಯನ್ನು 65ರಿಂದ 141 ನೈರಾಕ್ಕೆ ಏರಿಸಿದಾಗ ಇದೇ ವಾದದ ಮೇಲೆ ದೇಶ ನಿಂತುಹೋಗಿ, ಬೆಲೆ 97ಕ್ಕೆ ಇಳಿಯಬೇಕಾಯಿತು. ಎಕಿಟಿ ರಾಜ್ಯದ 2014ರ ಗವರ್ನರ್ ಚುನಾವಣೆಯಲ್ಲಿ ಅಯೊಡೆಲೆ ಫಯೋಸೆ ಅಕ್ಕಿ ಹಂಚಿ ಗೆದ್ದರು ಎಂದು ಪತ್ರಿಕೆಗಳು ಬರೆದವು. ಮತದಾರ ಅಗ್ಗಕ್ಕೆ ಮಾರಿಹೋದ ಎಂದು ತೀರ್ಪು ಕೊಟ್ಟವರೂ ಉಂಟು. ಅದು ಅನ್ಯಾಯದ ತೀರ್ಪು. ನಾಲ್ಕು ವರ್ಷದಲ್ಲಿ ಸರ್ಕಾರದಿಂದ ಮನೆಬಾಗಿಲಿಗೆ ಬರುವ ಒಂದೇ ವಸ್ತು ಅಕ್ಕಿಯಾದರೆ ಅದನ್ನು ಬೇಡ ಎನ್ನಲು ಹೊಟ್ಟೆ ತುಂಬಿರಬೇಕು.

ಬೆಲೆಯ ಏರಿಳಿತ ಅಲ್ಲಿ ಜನರಿಗೆ ತಿಳಿಯುವುದು ಅಳತೆಯ ಪಾತ್ರೆಯಿಂದ. ಲಾಗೋಸ್ ಕಡೆ ಅಕ್ಕಿ, ಗಾರಿ (ಮರಗೆಣಸಿನ ಹುರಿದ ತರಿ) ಅಳೆಯುವುದು ಕಾಂಗೊದಲ್ಲಿ, ಸುಮಾರು ಒಂದೂವರೆ ಕೆಜಿ ಹಿಡಿಯುತ್ತದೆ. ಉತ್ತರದಲ್ಲಿ ಮುಡು. ಡೆರಿಕಾ ಎಂಬುದು ಟೊಮೆಟೊ ಪೇಸ್ಟಿನ ಹಳೆಯ ಡಬ್ಬಿ, ಕೆಜಿಗೆ ತುಸು ಕಡಿಮೆ. ಮೂಟೆ ಕೊಳ್ಳುತ್ತಿದ್ದವರು ಕಾಂಗೊಗೆ, ಕಾಂಗೊ ಕೊಳ್ಳುತ್ತಿದ್ದವರು ಡೆರಿಕಾಕ್ಕೆ ಇಳಿದರು. ಅಕ್ಕಿ ಕೈಗೆಟುಕದ ದಿನ ಗಾರಿ.

ಗಾರಿ ಆಗುವುದು ಮರಗೆಣಸಿನಿಂದ. ಜಗತ್ತಿನಲ್ಲಿ ಅತಿ ಹೆಚ್ಚು ಮರಗೆಣಸು ಬೆಳೆಯುವುದು ನೈಜೀರಿಯಾ. ಇಲ್ಲೂ ಮಾಡಬಹುದು. ಐದು ಕೆಜಿ ಹಸಿ ಗೆಣಸಿಗೆ ಒಂದು ಕೆಜಿಯಷ್ಟು ಗಾರಿ. ಕಂದು ಸಿಪ್ಪೆಯ ಜೊತೆ ಒಳಗಿನ ದಪ್ಪ ಪದರವನ್ನೂ ತೆಗೆದು, ತೊಳೆದು, ತುರಿದು, ಬಟ್ಟೆ ಚೀಲದಲ್ಲಿ ಕಟ್ಟಿ, ಮೇಲೆ ಭಾರದ ಕಲ್ಲು ಹೇರಿ ಮೂರು ದಿನ ಬಿಡಿ. ಮಳೆಗಾಲದ ಚಳಿಗೆ ನಾಲ್ಕು ದಿನ ಬೇಕಾಗಬಹುದು. ಹುಳಿ ವಾಸನೆ ಸ್ಪಷ್ಟವಾಗಿ ಬರಬೇಕು. ಈ ದಿನಗಳನ್ನು ಕಡಿಮೆ ಮಾಡಬೇಡಿ. ಗೆಣಸಿನಲ್ಲಿರುವ ಸಯನೈಡ್ ಅಂಶ ಬಿಡಿಸಿಕೊಳ್ಳುವುದು ತುರಿದು, ಹುಳಿ ಬರಿಸಿ, ಹಿಂಡಿ, ಹುರಿಯುವುದರಿಂದ. ಕಹಿ ಜಾತಿಯ ಗೆಣಸನ್ನು ಮನೆಯಲ್ಲಿ ಮುಟ್ಟಲೇಬೇಡಿ. ಹಿಂಡಿದ ನೀರನ್ನು ದನಕ್ಕೆ ಇಡಬಾರದು, ಕಲಗಚ್ಚಿಗೂ ಸುರಿಯಬಾರದು. ಒಣಗಿದ ಹಿಂಡಿಯನ್ನು ಪುಡಿಮಾಡಿ ಜರಡಿ ಹಿಡಿದು, ಅಗಲ ಬಾಣಲೆಯಲ್ಲಿ ಎರಡೆರಡು ಹಿಡಿಯಷ್ಟೇ ಹಾಕಿ, ಕೈ ಬಿಡದೆ ಆಡಿಸುತ್ತ ರವೆಯಂತೆ ಗರಿಗರಿಯಾಗುವವರೆಗೆ ಹುರಿಯಿರಿ. ಹೆಚ್ಚು ಹಾಕಿದರೆ ಗಂಟು ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಹುರಿಯುವುದು ಬಯಲಲ್ಲಿ ಅಥವಾ ಗಾಳಿಯಾಡುವ ಕಡೆ, ಆವಿಯನ್ನು ಮುಖಕ್ಕೆ ತೆಗೆದುಕೊಳ್ಳಬಾರದು.

ಗಾರಿಯ ಮುದ್ದೆಗೆ ಅಲ್ಲಿ ಎಬಾ ಎನ್ನುತ್ತಾರೆ. ಅದಕ್ಕೆ ಎರಡು ಲೋಟ ಕುದಿಯುವ ನೀರನ್ನು ಪಾತ್ರೆಗೆ ಸುರಿದು, ಒಲೆಯಿಂದ ಕೆಳಗೇ ಇಟ್ಟು, ಗಾರಿಯನ್ನು ನೀರು ಮುಚ್ಚುವವರೆಗೆ ಉದುರಿಸಿ, ಎರಡು ನಿಮಿಷ ಮುಚ್ಚಿಟ್ಟು ಮರದ ಸೌಟಿನಿಂದ ತಿರುವಿದರೆ ಮುದ್ದೆ ಸಿದ್ಧ. ನೀರು ಕುದಿದಿರದಿದ್ದರೆ ತರಿತರಿ ಉಳಿಯುತ್ತದೆ. ಸಾರಿನಲ್ಲಿ ಅದ್ದಿ, ರಾಗಿಮುದ್ದೆಯ ಹಾಗೆ ಅಗಿಯದೆ ನುಂಗುವುದು ಕ್ರಮ. ಒಲೆ ಹಚ್ಚಲು ಗ್ಯಾಸಿಲ್ಲದ ದಿನ ಅಲ್ಲಿನ ವಿದ್ಯಾರ್ಥಿಗಳು ಗಾರಿಯನ್ನು ತಣ್ಣೀರಿಗೆ ಹಾಕಿ, ಸಕ್ಕರೆ, ಹುರಿದ ಶೇಂಗಾ ಸೇರಿಸಿ, ಅದು ಉಬ್ಬಿ ಮೆತ್ತಗಾಗುವ ಮೊದಲೇ ತಿನ್ನುತ್ತಾರೆ.