‘ತಂಬಾಕು ಅದ ಏನಪಾ?’

ನಮ್ಮ ಕಲಬುರಗಿಯಲ್ಲಿ ಗುರುತಿಲ್ಲದವರ ಜೊತೆ ಮಾತು ಶುರುವಾಗುವುದೇ ಹೀಗೆ. ನೆಹರೂ ಗಂಜ್‌ನಲ್ಲಿ ತೊಗರಿ ಚೀಲ ಇಳಿಸಿ ರೇಟಿಗಾಗಿ ಕಾಯುವವರನ್ನು ನೋಡಿ. ಒಬ್ಬ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಾನೆ, ಪಕ್ಕದವನು ಕೇಳದೇ ಕೈ ಚಾಚುತ್ತಾನೆ, ಚಿಟಿಕೆ ಕೈ ಬದಲಾಗುವಷ್ಟರಲ್ಲಿ ಊರು, ಮಳೆ, ಮಗಳ ಮದುವೆ ಎಲ್ಲಾ ಮಾತಾಗಿರುತ್ತದೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಪ್ಯಾಕೆಟ್ ಮೇಲಿನ ಭಯಂಕರ ಚಿತ್ರ ಒಬ್ಬನನ್ನು ಹೆದರಿಸುತ್ತದೆ. ಚಟ ಇರುವುದು ಗುಂಪಿನಲ್ಲಿ. ನನ್ನ ತಕರಾರು ಇಷ್ಟೇ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನ ಹೃದಯ ಅಧ್ಯಯನದಲ್ಲಿ 1971ರಿಂದ 2003ರವರೆಗೆ ಸಿಕ್ಕ ಮಾಹಿತಿ ಹಿಡಿದು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬಿಬ್ಬರು ಸಂಶೋಧಕರು 12,067 ಜನರ ನಂಟುಗಳನ್ನು ಜಾಲಾಡಿದರು. 2008ರಲ್ಲಿ ಬಂದ ಲೆಕ್ಕ ಮಜವಾಗಿದೆ. ಗಂಡ ಅಥವಾ ಹೆಂಡತಿ ಸಿಗರೇಟು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ 67ರಷ್ಟು ಕಡಿಮೆ. ಗೆಳೆಯ ಬಿಟ್ಟರೆ ಶೇ 36, ಒಡಹುಟ್ಟಿದವರು ಬಿಟ್ಟರೆ ಶೇ 25. ಪಕ್ಕದ ಮನೆಯವರು ಬಿಟ್ಟರೆ? ಏನೂ ಇಲ್ಲ. ಜನ ಗುಂಪು ಗುಂಪಾಗಿಯೇ ಬಿಟ್ಟಿದ್ದರು, ಬಿಡದವರು ಮೆಲ್ಲಗೆ ಗೆಳೆತನದ ಅಂಚಿಗೆ ಸರಿದಿದ್ದರು.

ಸೇದುವವನು ಸೇದುವವರನ್ನೇ ಗೆಳೆಯರಾಗಿ ಆರಿಸಿಕೊಳ್ಳುತ್ತಾನೋ, ಗೆಳೆಯರೇ ಸೇದಿಸುತ್ತಾರೋ ಅನ್ನೋ ಜಗಳ ಇನ್ನೂ ಇದೆ. ನನಗೆ ಎರಡೂ ನಿಜ ಅನಿಸುತ್ತದೆ. ಕಾಲೇಜಿಗೆ ಹೊಸದಾಗಿ ಬಂದ ಹುಡುಗ ಪಾನ್ ಡಬ್ಬಾ ಹತ್ತಿರ ನಿಲ್ಲುವುದು ಮೊದಲು ಸುಮ್ನೆ ಹರಟೆಗೆ. ಆಮೇಲೆ ಹರಟೆಗೆ ಬೇಕಾದ ಗೆಳೆಯರೆಲ್ಲಾ ಅಲ್ಲೇ ಇರುತ್ತಾರೆ, ಬೇರೆ ಕಡೆ ಯಾಕೆ ಹೋಗುತ್ತಾನೆ?

ಆದರೆ ಆ ಲೆಕ್ಕವನ್ನು ಹಾಗೇ ಎತ್ತಿ ನಮ್ಮೂರಿಗೆ ಹಚ್ಚಲು ಆಗಲ್ಲ. ಅದು ಸಿಗರೇಟಿನ ಲೆಕ್ಕ. 2016–17ರ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವುದು ಮುಂತಾದ ಹೊಗೆಯಿಲ್ಲದ ತಂಬಾಕಿನವರು ಶೇ 16.3. ಜಗಿಯುವುದಕ್ಕೆ ಹೊಗೆ ಇಲ್ಲ, ಹಾಗಾಗಿ ಹೊರಗೆ ಎದ್ದು ಹೋಗಬೇಕಿಲ್ಲ, ಯಾರೂ ಅಂಚಿಗೆ ಸರಿಯುವುದೂ ಇಲ್ಲ. ಆಫೀಸಿನಲ್ಲಿ, ಬಸ್ಸಿನಲ್ಲಿ, ಹೊಲದಲ್ಲಿ ಎಲ್ಲಾ ಕಡೆ ನಡೆಯುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂತು. ಎರಡನ್ನೂ ಹೇಗೆ ಬೆರೆಸಬೇಕು ಅಂತ ಹೊಸಬರಿಗೆ ಕಲಿಸಿದ್ದು ಯಾರು? ಜೊತೆಗಾರರೇ ಅಲ್ವಾ!

ಇನ್ನು ಮನೆ. ಹೆಂಡತಿಯ ಮಾತು ನಡೆಯಬೇಕಾದರೆ ಅವಳಿಗೆ ಗೊತ್ತಿರಬೇಕು. ನಮ್ಮಲ್ಲಿ ಅಪ್ಪನ ಮುಂದೆ, ಕಾಕಾನ ಮುಂದೆ ಮುಚ್ಚಿಡುವುದೇ ಮರ್ಯಾದೆ. ಹಾಗಾಗಿ ಬಿಡು ಅನ್ನಬೇಕಾದವರಿಗೆ ಸುದ್ದಿಯೇ ಇರುವುದಿಲ್ಲ, ಗೊತ್ತಿರುವವರು ಚಿಟಿಕೆ ಕೊಡುತ್ತಾರೆ.

ಬಿಡಬೇಕು ಅನ್ನುವವರಿಗೆ 1800-11-2356 ಅನ್ನೋ ಉಚಿತ ಸಹಾಯವಾಣಿ ಇದೆ. ಜೊತೆಗೆ ಜಗಿಯುವ ಗೆಳೆಯನನ್ನೂ ಕೂರಿಸಿಕೊಂಡು ಫೋನ್ ಮಾಡಿ ಅಂತ ನಾನು ಹೇಳುತ್ತೇನೆ. ನಮ್ಮ ಆಫೀಸಿನಲ್ಲಿ ಇಬ್ಬರು ಒಟ್ಟಿಗೆ ಬಿಟ್ಟು ಚಹಾದ ಅಂಗಡಿಯನ್ನೂ ಬದಲಿಸಿದರು. ಮೂರನೆಯವರು ಇನ್ನೂ ಬಿಟ್ಟಿಲ್ಲ, ಆದರೆ ಮಾತಿಗೆ ಜನ ಬೇಕಲ್ಲ, ಈಗ ಹೊಸ ಅಂಗಡಿಗೆ ಬಾಯಿ ಮುಕ್ಕಳಿಸಿಕೊಂಡು ಬರುತ್ತಾರೆ.