ನನ್ನ ಉದ್ಯೋಗದಲ್ಲಿ ದೇವರ ಸೇವೆ ಎಲ್ಲಿದೆ?

ಯುವಜನರ ಕೂಟ ಮುಗಿದ ಮೇಲೆ ಯಾರಾದರೊಬ್ಬರು ಹಿಂದೆ ಉಳಿದು ನನ್ನನ್ನು ಕೇಳುವ ಪ್ರಶ್ನೆಯಿದು: ‘ಸಭಾಪಾಲಕರು ವಾಕ್ಯ ಸಾರುತ್ತಾರೆ, ಅದು ಸೇವೆ; ಇಡೀ ದಿನ ಅಂಗಡಿಯ ಗಲ್ಲಾದಲ್ಲಿ ಕೂರುವ ನಾನು ದೇವರಿಗೆ ನಂಬಿಗಸ್ತನಾಗಿರುವುದು ಹೇಗೆ?’

ಇದಕ್ಕೆ ಉತ್ತರವಾಗಿ ನಾನು ಸಾಮಾನ್ಯವಾಗಿ ತೆರೆಯುವುದು ಬೈಬಲಿನ ಅರಸುಗಳ ಎರಡನೆಯ ಪುಸ್ತಕದ 12ನೆಯ ಅಧ್ಯಾಯವನ್ನು. ಅರಸನಾದ ಯೆಹೋವಾಷನು ದೇವಾಲಯದ ದುರಸ್ತಿಗಾಗಿ ಬರುವ ಹಣವನ್ನು ಯಾಜಕರ ವಶಕ್ಕೆ ಬಿಟ್ಟಿದ್ದನು; ಆದರೆ ಅವನ ಆಳ್ವಿಕೆಯ 23ನೆಯ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ತೂತು ಕೊರೆಸಿ ಅದನ್ನು ಯಜ್ಞವೇದಿಯ ಪಕ್ಕದಲ್ಲಿ ಇರಿಸಿದನು. ಪೆಟ್ಟಿಗೆ ತುಂಬಿದಾಗಲೆಲ್ಲ ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಹಣವನ್ನು ಎಣಿಸಿ, ಚೀಲಗಳಲ್ಲಿ ಕಟ್ಟಿ, ಕೆಲಸ ಮಾಡಿಸುವವರ ಕೈಗೆ ಒಪ್ಪಿಸಿದರು; ಅವರು ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೂಲಿ ಕೊಟ್ಟರು. ಆ ಮೇಲ್ವಿಚಾರಕರು ನಂಬಿಗಸ್ತರಾಗಿದ್ದುದರಿಂದ ಅವರಿಂದ ಯಾರೂ ಲೆಕ್ಕ ಕೇಳಲಿಲ್ಲವೆಂದು ಅಧ್ಯಾಯವು ಹೇಳುತ್ತದೆ. ಆ ಮಾತು ಸಂದದ್ದು ಯಾಜಕರಿಗಲ್ಲ, ಕೂಲಿ ಹಂಚಿ ಕೆಲಸ ಮಾಡಿಸಿದವರಿಗೆ. ಪ್ರಶ್ನೆ ಕೇಳಿದವರು ಇಲ್ಲಿಯೇ ಸಮಾಧಾನಗೊಂಡು ಎದ್ದು ಹೋಗುವುದುಂಟು; ನನ್ನ ಮಟ್ಟಿಗೆ ಮಾತು ಇನ್ನೂ ಮುಗಿದಿರುವುದಿಲ್ಲ.

ಏಕೆಂದರೆ ಲೆಕ್ಕ ಕೇಳದಿರುವುದು ಬೇರೆಯವರು ನಮಗೆ ಕೊಡುವ ಮರ್ಯಾದೆಯೇ ಹೊರತು ನಾವಾಗಿ ಕೇಳಿ ಪಡೆಯುವ ಹಕ್ಕಲ್ಲ. ಯೆರೂಸಲೇಮಿನ ವಿಶ್ವಾಸಿಗಳಿಗಾಗಿ ಹಣ ಕೂಡಿಸಿದಾಗ ಅಪೊಸ್ತಲನಾದ ಪೌಲನು ಅದನ್ನು ಒಬ್ಬನೇ ಹೊತ್ತುಕೊಂಡು ಹೋಗಲೊಪ್ಪಲಿಲ್ಲ. ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡು, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನಡತೆ ಸರಿಯಾಗಿರಬೇಕೆಂದು ಕೊರಿಂಥದವರಿಗೆ ಬರೆದನು. ‘ದೇವರಿಗೆ ನನ್ನ ಹೃದಯ ಗೊತ್ತು’ ಎಂದು ಹೇಳಿ ಚೀಟಿ ತೋರಿಸದಿರುವ ಅಭ್ಯಾಸ ನಮ್ಮಲ್ಲಿ ಸಾಕಷ್ಟಿದೆ. ಪೌಲನಿಗಿಲ್ಲದ ವಿನಾಯಿತಿ ನಮಗೆಲ್ಲಿಂದ ಬರಬೇಕು?

ಆದ್ದರಿಂದಲೇ ಹೊಸಬರನ್ನು ಕಾಣಿಕೆ ಎಣಿಸುವುದಕ್ಕೆ ಕೂರಿಸಬೇಕೆಂದು ನಾನು ಹೇಳುತ್ತಿರುತ್ತೇನೆ. ಚೀಲವನ್ನು ಮೇಜಿನ ಮೇಲೆ ಸುರಿದು, ನಾಣ್ಯಗಳನ್ನು ವಿಂಗಡಿಸಿ, ಮಡಿಚಿದ ನೋಟುಗಳನ್ನು ನೇರಮಾಡಿ, ಇಬ್ಬರೂ ಬೇರೆಬೇರೆಯಾಗಿ ಎಣಿಸುತ್ತಾರೆ. ಎರಡು ಮೊತ್ತಗಳೂ ತಾಳೆಯಾದರೆ ಮಾತ್ರ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ, ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಮೊದಲಿನಿಂದ ಎಣಿಸಬೇಕು. ಮೊದಮೊದಲು ಇದು ಅಪನಂಬಿಕೆಯೆಂದು ತೋರುತ್ತದೆ. ಆದರೆ ಇನ್ನೊಬ್ಬರ ಕಣ್ಣಿಗೆ ಅಂಜದೆ ಕೆಲಸ ಮಾಡುವ ರೂಢಿ ಬಂದವನು ಗಲ್ಲಾದ ಚಿಲ್ಲರೆಯಲ್ಲಿಯೂ, ಕಚೇರಿಯ ಪ್ರಯಾಣಭತ್ಯೆಯ ಬಿಲ್ಲಿನಲ್ಲಿಯೂ ಹಾಗೆಯೇ ನಡೆದುಕೊಳ್ಳುತ್ತಾನೆ.

ಮನೆಯ ಕೆಲಸ ಇದಕ್ಕಿಂತ ಕಷ್ಟದ್ದು, ಅಲ್ಲಿ ಎರಡನೆಯ ಸಹಿಯೇ ಇಲ್ಲ. ಹಾಸಿಗೆ ಹಿಡಿದ ಅತ್ತೆಗೆ ರಾತ್ರಿಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೋ ಇಲ್ಲವೋ ಎಂದು ನೋಡುವವರು ಯಾರೂ ಇರುವುದಿಲ್ಲ. ಯಜಮಾನರು ನೋಡುತ್ತಿರುವಾಗ ಮಾತ್ರವಲ್ಲ, ಕರ್ತನಿಗೋಸ್ಕರವೆಂದು ಮನಃಪೂರ್ವಕವಾಗಿ ಕೆಲಸ ಮಾಡಿರೆಂಬ ಕೊಲೊಸ್ಸೆಯವರಿಗೆ ಬರೆದ ಪತ್ರದ ಮಾತು ಮೂಲತಃ ದಾಸರಿಗೆ ಹೇಳಿದ್ದು. ಕಡಿಮೆ ಸಂಬಳ ಕೊಟ್ಟು ಹೆಚ್ಚು ದುಡಿಸಿಕೊಳ್ಳುವವರು ಈ ವಾಕ್ಯವನ್ನು ಬಹಳ ಪ್ರೀತಿಯಿಂದ ಉದ್ಧರಿಸುತ್ತಾರೆ. ಅದೇ ಪತ್ರವು ಸ್ವಲ್ಪ ಮುಂದೆಯೇ, ದಾಸರಿಗೆ ನ್ಯಾಯವಾದದ್ದನ್ನು ಕೊಡಬೇಕೆಂದು ಯಜಮಾನರಿಗೆ ಆಜ್ಞಾಪಿಸುವುದನ್ನು ಮಾತ್ರ ಅವರು ಓದುವುದಿಲ್ಲ.

ಕೆಲಸ ಬಿಟ್ಟು ದೇವಶಾಸ್ತ್ರದ ಕಾಲೇಜು ಸೇರಲೇ ಎಂದು ಮುಂದುವರಿದು ಕೇಳುವವರೂ ಇದ್ದಾರೆ. ಕರೆಯಿದ್ದರೆ ಖಂಡಿತ ಸೇರಿ. ಆದರೆ ಅದಕ್ಕೆ ಮೊದಲು ಈಗಿನ ಕೆಲಸದ ಬಾಕಿ ಲೆಕ್ಕವನ್ನು ತೀರಿಸಿ, ನಿಮ್ಮ ಜಾಗಕ್ಕೆ ಬರುವವರಿಗೆ ಕೆಲಸವನ್ನು ಹೇಳಿಕೊಟ್ಟು, ಬೀಗದ ಕೈಗಳನ್ನು ಒಪ್ಪಿಸಿ ಬನ್ನಿ ಎನ್ನುತ್ತೇನೆ.