ಎಂಬತ್ತರಿಂದ ಅರವತ್ತೇಳಕ್ಕೆ

2020ರ ಅಕ್ಟೋಬರ್ 20ರ ಮಂಗಳವಾರ ಸಂಜೆ ನಾನು ಪಬ್ಬಿನ ನೆಲಮಾಳಿಗೆಯಲ್ಲಿ ಕೊಳವೆ ತೊಳೆಯುತ್ತಿದ್ದೆ. ಪೀಪಾಯಿಯಿಂದ ಮೇಲಿನ ನಲ್ಲಿಗೆ ಬಿಯರ್ ಏರುವ ಆ ಸಣ್ಣ ಕೊಳವೆಗಳಿಗೆ ವಾರಕ್ಕೊಮ್ಮೆ ಔಷಧಿ ಬೆರೆಸಿದ ನೀರು ಹಾಯಿಸಬೇಕು. ಆಮೇಲೆ ಔಷಧಿಯ ವಾಸನೆ ಪೂರ್ತಿ ಹೋಗುವ ತನಕ ತಣ್ಣೀರು. ಬಾಲ್ದಿಯಲ್ಲಿ ನೊರೆ ಇಳಿಯಲಿ ಎಂದು ಕಾಯುತ್ತಿದ್ದಾಗ ಮೇಲಿನಿಂದ ಕೂಗು ಕೇಳಿಸಿತು: “ಅದನ್ನು ಅಲ್ಲೇ ಬಿಟ್ಟು ಬಾ. ಮೇಯರ್ ಮಾತನಾಡುತ್ತಿದ್ದಾರೆ.”

ಕೂಗಿದವಳು ಕೌಂಟರಿನಲ್ಲಿ ಕೆಲಸ ಮಾಡುವ ನನ್ನ ಸಹೋದ್ಯೋಗಿ. ಮ್ಯಾಂಚೆಸ್ಟರಿನಲ್ಲೇ ಹುಟ್ಟಿ ಬೆಳೆದವಳು, ಒಂಟಿಯಾಗಿ ಮಗನನ್ನು ಸಾಕುತ್ತಿರುವ ತಾಯಿ. ಟಿವಿಯಲ್ಲಿ ಗ್ರೇಟರ್ ಮ್ಯಾಂಚೆಸ್ಟರಿನ ಮೇಯರ್ ಆಂಡಿ ಬರ್ನ್‌ಹ್ಯಾಮ್ ಬ್ರಿಜ್‌ವಾಟರ್ ಹಾಲ್ ಎದುರು ನಿಂತಿದ್ದರು. ನಮ್ಮ ಪಬ್ಬಿನಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ಹತ್ತು ದಿನಗಳಿಂದ ಅವರಿಗೂ ಲಂಡನ್ನಿನ ಸರ್ಕಾರಕ್ಕೂ ಹಗ್ಗಜಗ್ಗಾಟ ನಡೆದಿತ್ತು. ಕೊರೊನಾ ತಡೆಯಲು ಮೂರನೆಯ, ಅಂದರೆ ಅತಿ ಕಠಿಣ ಹಂತದ ನಿರ್ಬಂಧ ಹೇರಿ ಪಬ್ಬು, ಕ್ಯಾಸಿನೊ, ಬೆಟ್ಟಿಂಗ್ ಅಂಗಡಿಗಳನ್ನು ಮುಚ್ಚಿಸುವುದಾದರೆ ಅಲ್ಲಿ ದುಡಿಯುವವರ ಬದುಕಿಗೆ ಕನಿಷ್ಠ 6.5 ಕೋಟಿ ಪೌಂಡ್ ಕೊಡಿ ಎಂದು ಮೇಯರ್. ಆರು ಕೋಟಿಗಿಂತ ಮೇಲೆ ಆಗದು ಎಂದು ಸರ್ಕಾರ. ಮಾತುಕತೆ ಮುರಿದುಬಿದ್ದಿತ್ತು. ಪತ್ರಕರ್ತರ ಎದುರು ಬರ್ನ್‌ಹ್ಯಾಮ್ ಮಾತನಾಡುತ್ತಿರುವಾಗಲೇ ಪಕ್ಕದವರೊಬ್ಬರು ಮೊಬೈಲ್ ತೋರಿಸಿದರು. ನಿರ್ಬಂಧ ಬರುವುದು ಖಚಿತ, ಸಿಗುವ ಹಣ 2.2 ಕೋಟಿ ಎಂದು ಅದರಲ್ಲಿ ಇತ್ತು. ಇಪ್ಪತ್ತೆಂಟು ಲಕ್ಷ ಜನರಿರುವ ಹತ್ತು ಪಟ್ಟಣಗಳ ಭವಿಷ್ಯವನ್ನು ಅವರ ಮೇಯರ್ ಮೊಬೈಲಿನ ಪರದೆಯಲ್ಲಿ ಓದಿ ತಿಳಿಯಬೇಕಾಯಿತು. ಆರು ಕೋಟಿಯ ಕೊಡುಗೆ ಇನ್ನೂ ಇದೆ ಎಂದು ಸರ್ಕಾರ ಆಮೇಲೆ ಹೇಳಿತು. ಆ ಹಣ ಆಯಾ ಪಟ್ಟಣಗಳ ಕೌನ್ಸಿಲ್‌ಗಳಿಗೆ ಹೋಯಿತು. ಆದರೆ ಆ ಕ್ಷಣದಲ್ಲಿ ನಮ್ಮ ಕಣ್ಣೆದುರು ಇದ್ದದ್ದು ಆ ಒಂದು ಅಂಕಿ. “ತಲೆಗೆ ಎಂಟು ಪೌಂಡ್” ಎಂದು ನನ್ನ ಸಹೋದ್ಯೋಗಿ ಲೆಕ್ಕ ಹಾಕಿದಳು. ಒರೆಸುತ್ತಿದ್ದ ಲೋಟವನ್ನು ಮತ್ತೆ ಮತ್ತೆ ಒರೆಸುತ್ತಲೇ ಇದ್ದಳು.

ನನಗೆ ಅಷ್ಟು ಸಿಟ್ಟು ಬರಲು ಕಾರಣವನ್ನು ಹೇಳಬೇಕಾದರೆ ಮಾರ್ಚ್ ತಿಂಗಳಿಗೆ ಹೋಗಬೇಕು.

ಮಾರ್ಚ್ 20ರ ರಾತ್ರಿ ಪಬ್ಬುಗಳೆಲ್ಲ ಮುಚ್ಚಿದವು. ಮೂರು ದಿನಕ್ಕೆ ಇಡೀ ದೇಶವೇ ಮುಚ್ಚಿತು. ಪೀಪಾಯಿಯಲ್ಲಿ ಹಾಕಿಸಿದ ಬಿಯರ್ ತೆರೆದ ಮೇಲೆ ಕೆಲವೇ ದಿನ ಬಾಳುತ್ತದೆ. ಮಾಲೀಕನೂ ನಾನೂ ಸೇರಿ ಅದನ್ನೆಲ್ಲ ಚರಂಡಿಗೆ ಸುರಿದೆವು. ಆ ಹುಳಿ ವಾಸನೆ ಬಟ್ಟೆಗೆ ಹತ್ತಿ ಎರಡು ದಿನ ಹೋಗಲಿಲ್ಲ. ನಾಳೆಯಿಂದ ಸಂಬಳವೇ ಇಲ್ಲ ಎಂದುಕೊಂಡಿದ್ದ ನಮಗೆ ಫರ್ಲೋ ಎಂಬ ಹೊಸ ಪದ ಕಿವಿಗೆ ಬಿತ್ತು. ಕೆಲಸದಿಂದ ತೆಗೆಯಬೇಡಿ, ಮನೆಯಲ್ಲಿ ಕೂರಿಸಿ, ಸಂಬಳದ ಶೇ 80ರಷ್ಟನ್ನು ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ ನಾವು ಕೊಡುತ್ತೇವೆ ಎಂದು ಹಣಕಾಸು ಸಚಿವ ರಿಷಿ ಸುನಾಕ್ ಹೇಳಿದ್ದರು. ಏಪ್ರಿಲ್ ಕೊನೆಯಲ್ಲಿ ಆ ಹಣ ನಿಜವಾಗಿಯೂ ಖಾತೆಗೆ ಬಂದಾಗ ನಾನು ಬ್ಯಾಂಕಿನ ಆ್ಯಪನ್ನು ಮೂರು ಸಲ ತೆರೆದು ನೋಡಿದೆ.

ಹಾಸನದಿಂದ ಅಮ್ಮ ಕೇಳಿದಳು: “ಕೆಲಸ ಮಾಡದಿದ್ದರೂ ಸಂಬಳ ಕೊಡುತ್ತಾರೆಯೇನೋ ಮಗನೇ?” ಹೌದು ಎಂದೆ. ಅಲ್ಲಿ ಮಾರ್ಚ್ 24ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ದೇಶ ಮುಚ್ಚಿದ್ದರು. ಮೇ ಮೊದಲ ವಾರದಲ್ಲಿ ಬೆಂಗಳೂರಿನ ಕಟ್ಟಡ ಕಾರ್ಮಿಕರು ಊರಿಗೆ ಹೋಗಲು ಕಾದಿದ್ದ ರೈಲುಗಳನ್ನು ಬಿಲ್ಡರುಗಳ ಜೊತೆ ಸಭೆಯಾದ ಮೇಲೆ ರಾಜ್ಯ ಸರ್ಕಾರ ರದ್ದು ಮಾಡಿದ ಸುದ್ದಿಯನ್ನು ನಾನು ಲಾಂಗ್‌ಸೈಟಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಫರ್ಲೋ ಎಷ್ಟು ದೊಡ್ಡದು ಎಂದು ಅಂದು ನನಗೆ ಅರ್ಥವಾಯಿತು. ಅದನ್ನು ರೂಪಿಸಿದವರ ಬಗ್ಗೆ ಇಂದಿಗೂ ಕೃತಜ್ಞತೆ ಇದೆ. ಮನೆಯಲ್ಲಿ ಕೂತವನಿಗೆ ಅನ್ನ ಸಿಕ್ಕರೆ ಮಾತ್ರ ಅವನು ಮನೆಯಲ್ಲಿ ಕೂರುತ್ತಾನೆ. ರೋಗ ತಡೆಯುವ ಕ್ರಮದಲ್ಲಿ ಮಾಸ್ಕಿನಷ್ಟೇ ಸಂಬಳವೂ ಮುಖ್ಯ ಎಂಬುದನ್ನು ಆ ಸರ್ಕಾರ ವಸಂತದಲ್ಲಿ ಕಂಡುಕೊಂಡಿತ್ತು. ಶರತ್ಕಾಲಕ್ಕೆ ಅದನ್ನು ಮರೆಯಿತು.

ಮರೆವು ಶುರುವಾದದ್ದು ಬೇಸಿಗೆಯಲ್ಲೇ. ಜುಲೈ 30ರ ರಾತ್ರಿ ಒಂಬತ್ತು ದಾಟಿದ ಮೇಲೆ ಆರೋಗ್ಯ ಸಚಿವರ ಒಂದು ಟ್ವೀಟ್ ಬಂತು. ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ ಅಂದು ಮಧ್ಯರಾತ್ರಿಯಿಂದ ಒಂದು ಮನೆಯವರು ಇನ್ನೊಂದು ಮನೆಯವರನ್ನು ಮನೆಯೊಳಗೆ ಸೇರುವಂತಿಲ್ಲ. ಮರುದಿನ ಬಕ್ರೀದ್. ನಮ್ಮ ಬೀದಿಯ ಮುಕ್ಕಾಲು ಮನೆಗಳಲ್ಲಿ ಅಡುಗೆ ಒಲೆಯ ಮೇಲಿತ್ತು. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಒಂದು ಡಬ್ಬಿ ಇಟ್ಟು, ಗೇಟಿನಾಚೆ ಹೋಗಿ ನಿಂತು, ಕೈಸನ್ನೆಯಲ್ಲಿ ತೆಗೆದುಕೋ ಎಂದರು. ಬೋಲ್ಟನ್‌ನಿಂದ ಬರಬೇಕಿದ್ದ ಮಗ ಮೊಮ್ಮಕ್ಕಳು ಬರಲಿಲ್ಲ. ನಿಯಮ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮೂರು ಗಂಟೆ ಮೊದಲು ಹೇಳಿದರೆ ಜನ ಹೇಗೆ ಬದುಕುತ್ತಾರೆ ಎಂದು ಯಾರೂ ಯೋಚಿಸಿರಲಿಲ್ಲ.

ಅಕ್ಟೋಬರ್ 9ರಂದು ಹೊಸ ಯೋಜನೆ ಹೊರಬಿತ್ತು. ಫರ್ಲೋ ತಿಂಗಳ ಕೊನೆಗೆ ಮುಗಿಯುತ್ತದೆ. ನವೆಂಬರಿನಿಂದ, ಕಾನೂನಿನ ಪ್ರಕಾರ ಮುಚ್ಚಿದ ಕಡೆ ಕೆಲಸ ಮಾಡುವವರಿಗೆ ಸಂಬಳದ ಮೂರನೇ ಎರಡು ಭಾಗ, ಅಂದರೆ ಶೇ 67. ಆ ವರ್ಷ ಇಪ್ಪತ್ತೈದು ದಾಟಿದವರ ಕನಿಷ್ಠ ಕೂಲಿ ಗಂಟೆಗೆ 8.72 ಪೌಂಡ್. ವಾರಕ್ಕೆ ನಲವತ್ತು ಗಂಟೆ ದುಡಿದರೆ ತಿಂಗಳಿಗೆ ಸುಮಾರು 1,510. ಅದರ ಶೇ 80 ಎಂದರೆ 1,208. ಶೇ 67 ಎಂದರೆ 1,012. ನನ್ನ ಸಹೋದ್ಯೋಗಿ ಬಿಯರಿನ ಲೋಟ ಇಡುವ ರಟ್ಟಿನ ಬಿಲ್ಲೆಯ ಹಿಂದೆ ಇದನ್ನು ಬರೆದು ತೋರಿಸಿದಳು. ಕೆಳಗೆ ಮನೆ ಬಾಡಿಗೆ, ಗ್ಯಾಸು, ಬಸ್ಸು, ಮಗನ ಶಾಲೆಯ ಊಟ. ಬಾಡಿಗೆಯ ಎದುರು ಗೆರೆ ಎಳೆದು, “ಮನೆ ಮಾಲೀಕ ಮೂರನೇ ಎರಡು ಭಾಗ ತೆಗೆದುಕೊಳ್ಳುತ್ತಾನೆಯೇ?” ಎಂದಳು. ಈ ಪ್ರಶ್ನೆಗೆ ಯಾವ ಸಚಿವರೂ ಉತ್ತರ ಕೊಡಲಿಲ್ಲ. ಕಡಿಮೆ ಬಿದ್ದರೆ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಸಹಾಯಧನ ಇದೆ ಎಂದರು. ನನ್ನಂಥವರಿಗೆ ಅದೂ ಇಲ್ಲ. ಹೆಂಡತಿಯ ನರ್ಸ್ ಕೆಲಸದ ವೀಸಾದ ಮೇಲೆ ಅವಲಂಬಿತನಾಗಿ ಬಂದವನು ನಾನು. ಸರ್ಕಾರಿ ಸಹಾಯಧನ ಪಡೆಯುವಂತಿಲ್ಲ ಎಂದು ಆಗಿನ ನಮ್ಮ ಗುರುತಿನ ಕಾರ್ಡಿನ ಮೇಲೇ ಅಚ್ಚಾಗಿತ್ತು.

ಆ ಮಂಗಳವಾರ ರಾತ್ರಿ 192ನೇ ನಂಬರಿನ ಬಸ್ಸು ಹಿಡಿದು ಮನೆಗೆ ಬಂದೆ. ಹೆಂಡತಿ ಹನ್ನೆರಡೂವರೆ ಗಂಟೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಮೂಗಿನ ಮೇಲೆ ಮಾಸ್ಕಿನ ಗುರುತು ಕೆಂಪಗೆ ಕೂತಿತ್ತು. ನಾನು ಬಾಗಿಲಲ್ಲೇ ಶುರುಮಾಡಿದೆ. ಎಂಟು ಪೌಂಡಂತೆ, ನಾವೇನು ಭಿಕ್ಷುಕರೇ, ಬರ್ನ್‌ಹ್ಯಾಮ್ ಒಪ್ಪದೇ ಇದ್ದದ್ದು ಸರಿ ಎಂದೆಲ್ಲ ಒದರಿದೆ. ಅವಳು ಕೇಳಿಸಿಕೊಂಡಳು. ಆಮೇಲೆ, “ಮೊದಲು ಮುಚ್ಚಲಿ. ಯಾರು ಎಷ್ಟು ಕೊಡುತ್ತಾರೆ ಎನ್ನುವುದನ್ನು ಆಮೇಲೆ ನೋಡಿಕೊಳ್ಳಲಿ. ಈ ಹತ್ತು ದಿನ ಅವರು ಚೌಕಾಸಿ ಮಾಡುತ್ತಾ ಕೂತಾಗ ನಮ್ಮ ವಾರ್ಡು ತುಂಬಿತು” ಎಂದಳು.

“ಮುಚ್ಚಿದರೆ ಬಾಡಿಗೆ?”

“ಸತ್ತರೆ ಬಾಡಿಗೆ ಯಾರು ಕಟ್ಟುತ್ತಾರೆ?”

ಏಳು ವರ್ಷದ ಸಂಸಾರದಲ್ಲಿ ನಾವು ಅಷ್ಟು ದೊಡ್ಡ ದನಿಯಲ್ಲಿ ಜಗಳವಾಡಿರಲಿಲ್ಲ. ಗಟ್ಟಿ ಮಾತಾದ ಮೇಲೆ ಅವಳು ಅನ್ನಕ್ಕೆ ಸಾರು ಹಾಕಿಕೊಂಡು ಕೂತಳು, ಆದರೆ ಕಲಸಲಿಲ್ಲ. ಅಂದು ಮಧ್ಯಾಹ್ನ ಒಬ್ಬ ಮುದುಕರ ಕೈ ಹಿಡಿದುಕೊಂಡು ಅವರ ಮಗಳಿಗೆ ಟ್ಯಾಬ್ಲೆಟ್‌ನಲ್ಲಿ ಮುಖ ತೋರಿಸಿದ್ದಳಂತೆ. ಟ್ಯಾಬ್ಲೆಟ್ ಹಿಡಿದ ಕೈ ನಡುಗಬಾರದು ಎಂದು ಮೊಣಕೈಯನ್ನು ಮಂಚದ ಸರಳಿಗೆ ಒತ್ತಿ ನಿಂತಿದ್ದೆ ಎಂದಳು. ಅಲ್ಲಿ ನೀಲಿಗಟ್ಟಿತ್ತು. ನಾನು ತಟ್ಟೆಯನ್ನು ಬಿಸಿ ಮಾಡಿಕೊಟ್ಟೆ. ನಮ್ಮಿಬ್ಬರದೂ ಸರಿಯಿತ್ತು. ಮುಚ್ಚಬೇಕಿತ್ತು, ಮುಚ್ಚು ಎಂದವರು ಅದರ ಬೆಲೆ ಕಟ್ಟಬೇಕಿತ್ತು. ಎರಡನ್ನೂ ಒಂದೇ ದಿನ ಮಾಡಬಹುದಾಗಿದ್ದ ಸರ್ಕಾರ ಒಂದನ್ನು ಇನ್ನೊಂದರ ಎದುರಾಳಿಯನ್ನಾಗಿ ಮಾಡಿ ನಮ್ಮ ಅಡುಗೆಮನೆಗೆ ಕಳಿಸಿತ್ತು.

ಮರುದಿನ ಸಂಸತ್ತಿನಲ್ಲಿ ರಜೆಯ ದಿನಗಳಲ್ಲೂ ಬಡ ಮಕ್ಕಳಿಗೆ ಊಟದ ವೋಚರ್ ಕೊಡಬೇಕೆಂಬ ಗೊತ್ತುವಳಿ 261ಕ್ಕೆ 322 ಮತಗಳಿಂದ ಬಿದ್ದುಹೋಯಿತು. ಅದಕ್ಕಾಗಿ ದನಿಯೆತ್ತಿದ್ದ ಫುಟ್ಬಾಲ್ ಆಟಗಾರ ಮಾರ್ಕಸ್ ರ‍್ಯಾಷ್‌ಫರ್ಡ್ ನಮ್ಮ ಮ್ಯಾಂಚೆಸ್ಟರಿನವನೇ. ಶುಕ್ರವಾರದಿಂದ ಪಬ್ಬು ಮುಚ್ಚಿತು. ಅಕ್ಟೋಬರ್ 31ರಂದು ಪ್ರಧಾನಿ ಬೋರಿಸ್ ಜಾನ್ಸನ್ ಇಡೀ ಇಂಗ್ಲೆಂಡನ್ನು ಮತ್ತೆ ಮುಚ್ಚುವ ಘೋಷಣೆ ಮಾಡಿದರು. ಜೊತೆಗೆ ಫರ್ಲೋ ಮುಂದುವರಿಯುತ್ತದೆ, ಶೇ 80 ಎಂದರು. ಉತ್ತರದ ಊರುಗಳು ಮಾತ್ರ ಮುಚ್ಚಿದಾಗ 67 ಸಾಕಾಗಿತ್ತು, ಲಂಡನ್ ಮುಚ್ಚುವಾಗ 80 ಬೇಕಾಯಿತು. ನನ್ನ ಸಹೋದ್ಯೋಗಿ ಆ ರಾತ್ರಿ ಕಳಿಸಿದ ಸಂದೇಶದಲ್ಲಿ ಎರಡೇ ಅಂಕಿ ಇದ್ದವು, ಮಧ್ಯೆ ಒಂದು ಗೆರೆ. ನಮ್ಮ ಖಾತೆಗೆ ಹಣ ಬಂತು. ನಂಬಿಕೆ ಮಾತ್ರ ವಾಪಸು ಬರಲಿಲ್ಲ.

ನಂಬಿಕೆಯ ಮಾತು ಏಕೆಂದರೆ, ಅದರ ಕೊರತೆ ಏನು ಎಂದು ಲಸಿಕೆ ಬಂದಾಗ ಕಂಡಿತು. ಹೆಂಡತಿಗೆ ಜನವರಿಯಲ್ಲೇ ಸಿಕ್ಕಿತು. ಎರಡನೆಯ ಡೋಸನ್ನು ಹನ್ನೆರಡು ವಾರಗಳವರೆಗೆ ಮುಂದೂಡಿದ ತೀರ್ಮಾನದ ಬಗ್ಗೆ ಅವಳ ಆಸ್ಪತ್ರೆಯಲ್ಲೇ ಎರಡು ಬಣಗಳಾದವು. ಹೆಚ್ಚು ಜನರಿಗೆ ಬೇಗ ಒಂದಾದರೂ ಸಿಗಲಿ ಎಂಬುದು ನನಗೆ ಸರಿ ಅನ್ನಿಸಿತು, ಅವಳಿಗೆ ಅನ್ನಿಸಲಿಲ್ಲ. ಮಾರ್ಚಿನಲ್ಲಿ ನರ್ಸುಗಳಿಗೆ ಶೇ 1ರ ಸಂಬಳ ಏರಿಕೆ ಸಾಕು ಎಂದು ಸರ್ಕಾರ ಹೇಳಿತು. ಅದನ್ನು ವಿರೋಧಿಸಿ ಸೇಂಟ್ ಪೀಟರ್ಸ್ ಚೌಕದಲ್ಲಿ ಸುಮಾರು ನಲವತ್ತು ಮಂದಿ ಸೇರಿದ್ದಕ್ಕೆ ಸಂಘಟಿಸಿದ ಮಹಿಳೆಗೆ ಪೊಲೀಸರು 10,000 ಪೌಂಡ್ ದಂಡ ಹಾಕಿದರು. 1819ರಲ್ಲಿ ಮತದಾನದ ಹಕ್ಕು ಕೇಳಿದ ಜನರ ಮೇಲೆ ಕುದುರೆ ಓಡಿಸಿದ್ದೂ ಅಲ್ಲೇ. ಹಿಂದಿನ ವರ್ಷ ಹತ್ತು ಗುರುವಾರ ರಾತ್ರಿ ಎಂಟಕ್ಕೆ ಇಡೀ ಬೀದಿ ಹೊರಗೆ ನಿಂತು ನನ್ನ ಹೆಂಡತಿಗೆ ಚಪ್ಪಾಳೆ ತಟ್ಟಿತ್ತು. ಅವಳು ಆ ಸುದ್ದಿ ಓದಿ ಮೊಬೈಲನ್ನು ಮಗುಚಿ ಇಟ್ಟಳು.

2021ರ ಜೂನ್ ಹೊತ್ತಿಗೆ ಪಬ್ಬು ತೆರೆದಿತ್ತು, ಮೂವತ್ತು ದಾಟಿದವರಿಗೆಲ್ಲ ಲಸಿಕೆ ಸಿಗುತ್ತಿತ್ತು. ಕೊರೊನಾದ ಡೆಲ್ಟಾ ತಳಿ ಹಬ್ಬುತ್ತಿತ್ತು. ನನ್ನ ಸಹೋದ್ಯೋಗಿ ಮಾತ್ರ ಹಾಕಿಸಿಕೊಂಡಿರಲಿಲ್ಲ. ಅವಳೂ ಕಂಡಕಂಡದ್ದನ್ನೆಲ್ಲ ನಂಬಿ ಹೆದರಿದ್ದಾಳೆ ಎಂದುಕೊಂಡು ನಾನು ಒಂದು ವಾರ ಅವಳಿಗೆ ಪಾಠ ಹೇಳಿದೆ. ಆ ವಾರ ನಾನು ಮಾಡಿದ್ದು ತಪ್ಪು. ಒಂದು ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಬಂದ ಹೆಂಡತಿ ಕೌಂಟರಿನ ಬಳಿ ನಿಂತು ಅವಳನ್ನು ಸುಮ್ಮನೆ ಕೇಳಿದಳು: “ನಿನಗೆ ಯಾವುದರ ಚಿಂತೆ?”

ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಜ್ವರ ಬರುತ್ತದೆಯಂತಲ್ಲ, ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ ಎಂದಳು ಅವಳು. ಕಾಯಿಲೆ ಬಿದ್ದವರಿಗೆ ಆಗ ಕಾನೂನು ಕೊಡಿಸುತ್ತಿದ್ದದ್ದು ವಾರಕ್ಕೆ 96.35 ಪೌಂಡ್, ಅದೂ ಮೊದಲ ಮೂರು ದಿನಕ್ಕೆ ಸಾಮಾನ್ಯವಾಗಿ ಏನೂ ಇರಲಿಲ್ಲ. ಸೂಜಿಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ.

ಪಾಳಿಯ ಪಟ್ಟಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿತ್ತು. ಮಾಲೀಕ ಅದನ್ನು ಕಿತ್ತು ತಂದು ಕೌಂಟರಿನ ಮೇಲೆ ಹರಡಿ, ಶುಕ್ರವಾರ ಮತ್ತು ಶನಿವಾರದ ಚೌಕಗಳಲ್ಲಿ ಅವಳ ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ನನ್ನ ಹೆಸರು ಬರೆದ. ಕೂಲಿ ಅವಳಿಗೂ ಉಂಟು, ನಿನಗೂ ಉಂಟು ಎಂದ. ಅವಳು ಮೊಬೈಲ್ ತೆಗೆದು ಗುರುವಾರ ಸಂಜೆಯ ಸಮಯ ಹುಡುಕಲು ಶುರುಮಾಡಿದಳು. ನಾನು ಶನಿವಾರ ಕೊಳವೆ ತೊಳೆಯುವ ದಿನವೆಂದು ನೆನಪಿಸಿಕೊಂಡು ಕೆಳಗಿಳಿದು ಔಷಧಿ ಎಷ್ಟು ಉಳಿದಿದೆ ಎಂದು ನೋಡಿದೆ.